ವಯಸ್ಸಾದವರ ಮಲಬದ್ಧತೆಗೆ ಪ್ರೊಬಯಾಟಿಕ್: ದುಡ್ಡು ಹಾಕುವ ಮುಂಚೆ, ಹಾಕಿದ ಮೇಲೆ

ವಾರಕ್ಕೆ ಮೂರು ಸಲವೂ ಮೋಷನ್ ಆಗಲ್ಲ, ಆದಾಗಲೂ ಗಟ್ಟಿ, ತಿಣುಕಿ ತಿಣುಕಿ ಸಾಕಾಗುತ್ತದೆ, ಹೋಗಿ ಬಂದ ಮೇಲೂ ಅಜ್ಜಿ "ಹೊಟ್ಟೆ ಕ್ಲೀನ್ ಆಗ್ಲಿಲ್ಲ ಕಣಪ್ಪ" ಅನ್ನುತ್ತಾರೆ. ಇದು ಮೂರು ತಿಂಗಳಿಂದ ಹೀಗೇ ಇದ್ದರೆ ದೀರ್ಘಕಾಲದ ಮಲಬದ್ಧತೆ ಅಂತ ಲೆಕ್ಕ. ಎರಡು ದಿನಕ್ಕೊಮ್ಮೆ ಮೆತ್ತಗೆ, ಸಲೀಸಾಗಿ ಆಗುತ್ತಿದ್ದರೆ ಏನೂ ಮಾಡಬೇಡಿ. ದಿನಾ ಬೆಳಿಗ್ಗೆ ಆಗಲೇಬೇಕು ಅನ್ನುವ ಹಟದಿಂದ ಜುಲಾಬಿನ ಮಾತ್ರೆ ನುಂಗುವವರು ನಮ್ಮ ಕಡೆ ಬೇಕಾದಷ್ಟಿದ್ದಾರೆ.

ಪ್ರೊಬಯಾಟಿಕ್ ಅಂದರೆ ಹೊಟ್ಟೆಗೆ ಒಳ್ಳೆಯದು ಅಂತ ತಗೊಳ್ಳುವ ಜೀವಂತ ಸೂಕ್ಷ್ಮಜೀವಿಗಳು. ಆದರೆ ಕೆಲವು ಲಕ್ಷಣ ಕಂಡರೆ ಅದರ ಮಾತೇ ಬೇಡ, ನೇರ ಡಾಕ್ಟರ ಹತ್ತಿರ ಹೋಗಿ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತ ಕಡಿಮೆ ಇದೆ ಅಂತ ರಿಪೋರ್ಟ್ ಬಂದಿರುವುದು, ಇಷ್ಟು ವರ್ಷ ಸರಿಯಿದ್ದು ಈಗ ಇದ್ದಕ್ಕಿದ್ದಂತೆ ಶುರುವಾಗಿರುವುದು. ಹೊಟ್ಟೆ ಉಬ್ಬಿ, ಗ್ಯಾಸೂ ಹೋಗದೆ, ವಾಂತಿಯಾಗುತ್ತಿದ್ದರೆ ಅವತ್ತೇ ಆಸ್ಪತ್ರೆ. ಇನ್ನೊಂದು ಮೋಸ ಇದೆ: ದಿನಗಟ್ಟಲೆ ಆಗದೇ ಇದ್ದವರಿಗೆ ಆಮೇಲೆ ನೀರು ನೀರಾಗಿ ಸೋರಲು ಶುರುವಾದರೆ ಅದನ್ನು ಭೇದಿ ಅಂದುಕೊಂಡು ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟುಬಿಡುತ್ತಾರೆ, ನಿಜವಾಗಿ ಒಳಗೆ ಗಟ್ಟಿ ಮಲ ಕಟ್ಟಿಕೊಂಡು ಅದರ ಪಕ್ಕದಿಂದ ನೀರು ಇಳಿಯುತ್ತಿರುತ್ತದೆ. ಮಲಗಿದಲ್ಲೇ ಇರುವವರಲ್ಲಿ ಇದು ಜಾಸ್ತಿ.

ಅಂಥದ್ದೇನೂ ಇಲ್ಲದಿದ್ದರೆ ಮೊದಲು ಅವರ ಮಾತ್ರೆ ಡಬ್ಬಿ ಬಿಚ್ಚಿ ನೋಡಿ. ನನ್ನ ಪ್ರಕಾರ ಅರ್ಧ ಉತ್ತರ ಅಲ್ಲೇ ಇರುತ್ತದೆ. ಐರನ್ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಮಂಡಿನೋವಿಗೆ ಕೊಟ್ಟ ಟ್ರಾಮಡಾಲ್, ನಿದ್ದೆಗೋ ನರದ ನೋವಿಗೋ ಕೊಟ್ಟ ಅಮಿಟ್ರಿಪ್ಟಿಲಿನ್, ಬಿಪಿಗೆ ಕೊಡುವ ವೆರಪಮಿಲ್, ಅಲ್ಯೂಮಿನಿಯಂ ಇರುವ ಆಸಿಡಿಟಿ ಸಿರಪ್, ಇವೆಲ್ಲ ಹೊಟ್ಟೆ ಕಟ್ಟಿಸುತ್ತವೆ. ನೀವಾಗಿ ನಿಲ್ಲಿಸಬೇಡಿ, ಆದರೆ ಸ್ಟ್ರಿಪ್‌ಗಳನ್ನೆಲ್ಲ ಒಂದು ಕವರಿಗೆ ಹಾಕಿಕೊಂಡು ಹೋಗಿ "ಇದರಲ್ಲಿ ಯಾವುದನ್ನಾದರೂ ಬದಲಿಸಬಹುದಾ ಡಾಕ್ಟ್ರೇ" ಅಂತ ಕೇಳಿ. ಹಾಗೇ ಥೈರಾಯ್ಡ್ ಮತ್ತು ಶುಗರ್ ಟೆಸ್ಟ್ ಮಾಡಿಸಿ ಎಷ್ಟು ದಿನ ಆಯಿತು ಅಂತಲೂ ನೋಡಿ. ಪಾರ್ಕಿನ್ಸನ್ ಇರುವವರಿಗೂ ಮಲಬದ್ಧತೆ ಸಾಮಾನ್ಯ.

ಆಮೇಲೆ ಊಟ. ಮಂಡ್ಯ ಕಡೆ ಜೀವನಪೂರ್ತಿ ಮುದ್ದೆ, ಬಸ್ಸಾರು ಉಂಡವರು ಹಲ್ಲು ಹೋದ ಮೇಲೆ, ಅಥವಾ ಮೈಸೂರಿನಲ್ಲಿರುವ ಮಗನ ಮನೆಗೆ ಬಂದ ಮೇಲೆ, ಮೆತ್ತನೆ ಅನ್ನ, ತಿಳಿಸಾರು, ಬ್ರೆಡ್ಡು, ಬನ್ನಿಗೆ ಇಳಿದುಬಿಡುತ್ತಾರೆ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು ಇದ್ದರೆ ಪಾಲಿಶ್ ಅಕ್ಕಿಯಲ್ಲಿ ಮೂರು ಗ್ರಾಮೂ ಇಲ್ಲ. ಮುದ್ದೆಯನ್ನು ಅಗಿಯುವುದೇ ಇಲ್ಲವಲ್ಲ, ಹಲ್ಲಿಲ್ಲದವರಿಗೆ ಅದಕ್ಕಿಂತ ಅನುಕೂಲ ಯಾವುದಿದೆ? ಸಣ್ಣ ಮುದ್ದೆ, ಸೊಪ್ಪಿನ ಸಾರು, ಸಂಜೆ ನಾಲ್ಕು ಹೋಳು ಪರಂಗಿ ಹಣ್ಣು ಅಥವಾ ಬೀಜ ತೆಗೆದ ಸೀಬೆಹಣ್ಣು ಕೊಡಿ. ನಾರನ್ನು ನಿಧಾನವಾಗಿ ಹೆಚ್ಚಿಸಿ, ಒಂದೇ ದಿನ ಸುರಿದರೆ ಹೊಟ್ಟೆ ಉಬ್ಬರ ಬಂದು ಎಲ್ಲದಕ್ಕೂ ಬೇಡ ಅನ್ನುತ್ತಾರೆ.

ನೀರಿನ ವಿಷಯ ಸ್ವಲ್ಪ ಸೂಕ್ಷ್ಮ. ರಾತ್ರಿ ಏಳಬೇಕಾಗುತ್ತದೆ, ಬಚ್ಚಲ ಹತ್ತಿರ ಜಾರಿ ಬೀಳುವ ಭಯ, ಹಾಗಾಗಿ ಮಧ್ಯಾಹ್ನದಿಂದಲೇ ನೀರು ಕುಡಿಯುವುದನ್ನು ನಿಲ್ಲಿಸಿರುತ್ತಾರೆ, ಕೇಳಿದರೆ ಹೇಳಲ್ಲ. ಬೆಳಿಗ್ಗೆಯಿಂದ ಸಂಜೆ ನಾಲ್ಕರೊಳಗೆ ಜಾಸ್ತಿ ಕುಡಿಸಿ. ಹೃದಯ ಅಥವಾ ಕಿಡ್ನಿ ತೊಂದರೆ ಇದ್ದರೆ ಎಷ್ಟು ಕುಡಿಯಬಹುದು ಅಂತ ಡಾಕ್ಟರನ್ನೇ ಕೇಳಬೇಕು. ತಿಂಡಿ, ಕಾಫಿ ಆಗಿ ಅರ್ಧ ಗಂಟೆಯೊಳಗೆ ಕರುಳು ತಾನಾಗೇ ಚುರುಕಾಗುತ್ತದೆ, ಆಗ ಅವಸರವಿಲ್ಲದೆ ಹತ್ತು ನಿಮಿಷ ಕೂರಲು ಬಿಡಿ. ಕಮೋಡ್ ಆದರೆ ಕಾಲಿನ ಕೆಳಗೆ ಒಂದು ಗಟ್ಟಿ ಮಣೆ ಇಡಿ, ಮಂಡಿ ಸೊಂಟಕ್ಕಿಂತ ಸ್ವಲ್ಪ ಮೇಲೆ ಬರಬೇಕು. ಮಣೆ ಅಲುಗಾಡಬಾರದು.

ಇಷ್ಟು ಮಾಡಿಯೂ ಸರಿಹೋಗದಿದ್ದರೆ ಈಗ ಪ್ರೊಬಯಾಟಿಕ್ ನೋಡೋಣ.

ಎಷ್ಟು ಆಸೆ ಇಟ್ಟುಕೊಳ್ಳಬಹುದು? 2014ರಲ್ಲಿ 14 ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದಾಗ ಪ್ರೊಬಯಾಟಿಕ್ ತಗೊಂಡವರಿಗೆ ವಾರಕ್ಕೆ ಸರಾಸರಿ 1.3 ಸಲ ಹೆಚ್ಚು ಮೋಷನ್ ಆಗಿತ್ತು. ಅಂದರೆ ವಾರಕ್ಕೆ ಎರಡು ಸಲ ಆಗುತ್ತಿದ್ದವರಿಗೆ ಮೂರು ಸಲ, ಅಷ್ಟೇ. ಅದರಲ್ಲೂ ಚೆನ್ನಾಗಿ ಕೆಲಸ ಮಾಡಿದ್ದು ಬಿಫಿಡೊಬ್ಯಾಕ್ಟೀರಿಯಂ ಲ್ಯಾಕ್ಟಿಸ್ ಅನ್ನುವ ಬ್ಯಾಕ್ಟೀರಿಯಾ. ಆದರೆ ಅದರದ್ದೇ ಎಚ್‌ಎನ್019 ಅನ್ನುವ ತಳಿಯನ್ನು ಆಮೇಲೆ ದೊಡ್ಡದಾಗಿ ಪರೀಕ್ಷೆ ಮಾಡಿದಾಗ, ಹೋಲಿಕೆಗೆ ಅಂತ ಔಷಧಿಯಿಲ್ಲದ ಸುಳ್ಳು ಮಾತ್ರೆ ತಗೊಂಡವರಿಗೂ ಇವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಇದು ಒಮ್ಮೆ ಪ್ರಯತ್ನ ಮಾಡಿ ನೋಡುವ ವಸ್ತು. ಜುಲಾಬಿನ ಥರ ಬೆಳಿಗ್ಗೆಗೆ ಕೆಲಸ ಆಗಲಿ ಅಂತ ರಾತ್ರಿ ಕೊಟ್ಟರೆ ನಿರಾಸೆ ಖಂಡಿತ.

ಮೆಡಿಕಲ್ ಶಾಪಿನಲ್ಲಿ ಸುಮ್ನೆ "ಪ್ರೊಬಯಾಟಿಕ್ ಕೊಡಿ" ಅಂದರೆ ಎಷ್ಟೋ ಸಲ ಕೈಗೆ ಬರುವುದು ಭೇದಿಗೆ ಕೊಡುವ ಸರಕು. ಚಿಕ್ಕ ಪ್ಲಾಸ್ಟಿಕ್ ಬಾಟಲಿಯಲ್ಲಿ ಬರುವ ಬ್ಯಾಸಿಲಸ್ ಕ್ಲಾಸಿ, ಪುಡಿಯಾಗಿ ಬರುವ ಸ್ಯಾಕರೊಮೈಸಿಸ್ ಬೌಲಾರ್ಡಿ, ಇವೆರಡೂ ಮುಖ್ಯವಾಗಿ ಭೇದಿಗೆ ಬಳಕೆಯಾಗುವಂಥವು. ನಿಮಗೆ ಬೇಕಾಗಿರುವುದು ಬೇರೆ. ಲೇಬಲ್ ಮೇಲೆ ಬ್ಯಾಕ್ಟೀರಿಯಾದ ಪೂರ್ತಿ ಹೆಸರಿರಬೇಕು, ಹೆಸರಿನ ಕೊನೆಗೆ ತಳಿಯ ಅಕ್ಷರ, ನಂಬರು ಇರಬೇಕು, ಎಕ್ಸ್‌ಪೈರಿ ತನಕ ಎಷ್ಟು ಜೀವಂತ ಇರುತ್ತವೆ ಅನ್ನುವ ಲೆಕ್ಕ ಇರಬೇಕು. ಒಂದು ಬಿಲಿಯನ್ ಅಂದರೆ 100 ಕೋಟಿ. ನಮ್ಮ ದೇಶದ ನಿಯಮ ಕೇಳುವುದು ದಿನಕ್ಕೆ ಕನಿಷ್ಠ 10 ಕೋಟಿ, ಪ್ರಯೋಗಗಳಲ್ಲಿ ಕೊಟ್ಟಿರುವುದು ಸಾಮಾನ್ಯವಾಗಿ 100 ಕೋಟಿಗೂ ಮೇಲೆ. ಬರೀ "12 ಬಗೆಯ ಒಳ್ಳೆ ಬ್ಯಾಕ್ಟೀರಿಯಾ" ಅಂತ ಬರೆದಿದ್ದರೆ ವಾಪಸ್ ಇಡಿ. ಬಗೆ ಜಾಸ್ತಿ ಆದಷ್ಟೂ ಗುಣ ಜಾಸ್ತಿ ಅಂತೇನೂ ಇಲ್ಲ.

ಯಾಕುಲ್ಟ್ ಅನ್ನುವ ಹುದುಗಿಸಿದ ಹಾಲಿನ ಪಾನೀಯದ ಬಗ್ಗೆ ಎಲ್ಲರೂ ಕೇಳುತ್ತಾರೆ. 65 ಎಂಎಲ್ ಬಾಟಲಿಯಲ್ಲಿ 650 ಕೋಟಿ ಶಿರೋಟಾ ತಳಿಯ ಬ್ಯಾಕ್ಟೀರಿಯಾ ಇರುತ್ತವೆ. ಮಲಬದ್ಧತೆಗೆ ಅದರ ಫಲಿತಾಂಶ ಒಂದೊಂದು ಪ್ರಯೋಗದಲ್ಲಿ ಒಂದೊಂದು ಥರ ಬಂದಿದೆ, ಸಕ್ಕರೆಯೂ ಇರುತ್ತದೆ, ಶುಗರ್ ಇರುವವರು ನೋಡಿಕೊಂಡು ತಗೊಳ್ಳಿ.

ಮನೆ ಮೊಸರು? ಧಾರಾಳವಾಗಿ ಕೊಡಿ, ನೀರು ಮಜ್ಜಿಗೆ ಇನ್ನೂ ಒಳ್ಳೆಯದು, ನೀರೂ ಹೋದಂತಾಯಿತು. ಆದರೆ ಹೆಪ್ಪಿನಲ್ಲಿ ಯಾವ ತಳಿ ಇದೆ, ಎಷ್ಟಿದೆ ಅಂತ ಗೊತ್ತಿಲ್ಲವಾದ್ದರಿಂದ ಅದನ್ನು ಊಟ ಅಂತ ತಿಳಿಯಿರಿ, ಔಷಧಿ ಅಂತ ಬೇಡ. ಬಿಸಿ ಅನ್ನಕ್ಕೆ ಕಲಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ, ಅನ್ನ ಆರಲಿ. ಇಡ್ಲಿ, ದೋಸೆ ಹಿಟ್ಟು ಹುಳಿ ಬಂದಿರುತ್ತದೆ ನಿಜ, ಬೆಂದ ಮೇಲೆ ಅವು ಎಲ್ಲಿ ಉಳಿದಾವು? ಆಹಾರ ವಿಜ್ಞಾನಕ್ಕೇ ಅಂತ ಸಿಎಫ್‌ಟಿಆರ್‌ಐ ಅನ್ನುವ ಸಂಶೋಧನಾ ಸಂಸ್ಥೆ 1950ರಿಂದ ಇರುವ ಮೈಸೂರಿನಲ್ಲೂ "ಇಡ್ಲಿ ಪ್ರೊಬಯಾಟಿಕ್" ಅನ್ನುವ ವಾಟ್ಸಾಪ್ ಮೆಸೇಜು ಓಡಾಡುತ್ತಲೇ ಇರುತ್ತದೆ.

ತಗೊಳ್ಳುವ ಕ್ರಮ ಸುಲಭ. ಒಂದೇ ಒಂದು ಪ್ರಾಡಕ್ಟ್ ಆರಿಸಿ, ದಿನಾ ಒಂದೇ ಹೊತ್ತಿಗೆ, ನಾಲ್ಕು ವಾರ. ಬಿಸಿ ಹಾಲು, ಕಾಫಿಗೆ ಬೆರೆಸಬೇಡಿ. ಫ್ರಿಜ್‌ನಲ್ಲಿಡಿ ಅಂತ ಬರೆದಿದ್ದರೆ ಅಂಗಡಿಯವರೂ ಫ್ರಿಜ್‌ನಿಂದಲೇ ತೆಗೆದುಕೊಟ್ಟರಾ ನೋಡಿ. ಆಂಟಿಬಯಾಟಿಕ್ ನಡೆಯುತ್ತಿದ್ದರೆ ಎರಡರ ಮಧ್ಯೆ ಕನಿಷ್ಠ ಎರಡು ಗಂಟೆ ಬಿಡಿ. ಮೊದಲ ವಾರ ಗ್ಯಾಸ್ ಬರಬಹುದು, ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಆ ನಾಲ್ಕು ವಾರ ಹೊಸದಾಗಿ ಇಸಬ್‌ಗೋಲ್, ತ್ರಿಫಲ, ಇನ್ನೊಂದು ಶುರು ಮಾಡಬೇಡಿ, ಯಾವುದರಿಂದ ಗುಣ ಆಯಿತು ಅಂತ ತಿಳಿಯಲ್ಲ. ಡಾಕ್ಟರು ಕೊಟ್ಟ ಸಿರಪ್ ಮೊದಲಿನಿಂದ ಇದ್ದರೆ ಅದು ಹಾಗೇ ನಡೆಯಲಿ.

ಶುರು ಮಾಡುವ ಒಂದು ವಾರ ಮೊದಲೇ ಗೋಡೆ ಮೇಲಿನ ಒಂಟಿಕೊಪ್ಪಲ್ ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಹೇಳಿ. ಆದ ದಿನ ಒಂದು ಗೀಟು, ಗಟ್ಟಿಯಾಗಿದ್ದರೆ "ಗ", ಮೆತ್ತಗಿದ್ದರೆ "ಮೆ", ತಿಣುಕಿದ್ದರೆ ಒಂದು ಚುಕ್ಕಿ. ದಿನಾ ಎಲ್ಲರೆದುರು "ಏನವ್ವ, ಆಯ್ತಾ?" ಅಂತ ಕೇಳಿ ಮುಜುಗರ ಮಾಡುವುದೂ ತಪ್ಪುತ್ತದೆ.

ಕ್ಯಾನ್ಸರ್‌ಗೆ ಕೀಮೋ ನಡೆಯುತ್ತಿರುವವರು, ಅಂಗ ಕಸಿ ಆದವರು, ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಯಲ್ಲಿರುವವರು, ದೊಡ್ಡ ರಕ್ತನಾಳಕ್ಕೆ ಪೈಪ್ ಹಾಕಿಸಿಕೊಂಡವರು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು. ಅಪರೂಪವಾದರೂ ಈ ಜೀವಿಗಳು ರಕ್ತಕ್ಕೆ ಸೇರಿ ಸೋಂಕು ಮಾಡಿದ್ದುಂಟು. ಮೇದೋಜೀರಕದ ತೀವ್ರ ಉರಿಯೂತ ಇರುವವರಿಗೆ ಪ್ರೊಬಯಾಟಿಕ್ ಕೊಟ್ಟು ನೋಡಿದ ಒಂದು ಡಚ್ ಪ್ರಯೋಗದಲ್ಲಿ, ಅದನ್ನು ತಗೊಂಡವರಲ್ಲೇ ಸಾವು ಹೆಚ್ಚಾಗಿತ್ತು. 2008ರಲ್ಲಿ ಅದು ಪ್ರಕಟವಾಯಿತು.

ನಾಲ್ಕು ವಾರ ಆದ ಮೇಲೆ ಗೀಟು ಎಣಿಸಿ. ಜಾಸ್ತಿಯಾಗಿದ್ದರೆ, ಚುಕ್ಕಿ ಕಡಿಮೆಯಾಗಿದ್ದರೆ ಮುಂದುವರಿಸಿ. ಈ ಬ್ಯಾಕ್ಟೀರಿಯಾ ಹೊಟ್ಟೆಯಲ್ಲಿ ಸಾಮಾನ್ಯವಾಗಿ ಕಾಯಂ ಬೀಡು ಬಿಡುವುದಿಲ್ಲ, ನಿಲ್ಲಿಸಿದರೆ ಗುಣವೂ ಹೋಗುವುದೇ ಹೆಚ್ಚು, ಆದ್ದರಿಂದ ಒಂದೆರಡು ತಿಂಗಳ ಮೇಲೆ ಎರಡು ವಾರ ಬಿಟ್ಟು ನೋಡಿ. ಬಿಟ್ಟಾಗಲೂ ಅಷ್ಟೇ ಆಗುತ್ತಿದ್ದರೆ ಮತ್ತೆ ತರಬೇಡಿ. ಏನೂ ವ್ಯತ್ಯಾಸವಿಲ್ಲದಿದ್ದರೆ ಬೇರೆ ತಳಿಯದ್ದನ್ನು ಇನ್ನೊಂದೇ ಒಂದು ಸಲ ನೋಡಿ, ಅದೂ ಆಗದಿದ್ದರೆ ಡಾಕ್ಟರ ಹತ್ತಿರ ಮಲ ಮೆತ್ತಗೆ ಮಾಡುವ ಲ್ಯಾಕ್ಟುಲೋಸ್ ಅಥವಾ ಪಾಲಿಎಥಿಲೀನ್ ಗ್ಲೈಕಾಲ್ ಪುಡಿಯ ಬಗ್ಗೆ ಕೇಳಿ, ಅವಕ್ಕೆ ಪ್ರೊಬಯಾಟಿಕ್‌ಗಿಂತ ಗಟ್ಟಿ ಆಧಾರವಿದೆ. ಇಸಬ್‌ಗೋಲ್ ಆದರೆ ತುಂಬಿದ ಲೋಟ ನೀರಿನ ಜೊತೆ, ನುಂಗಲು ಕಷ್ಟ ಇರುವವರಿಗೆ ಮತ್ತು ಹಾಸಿಗೆ ಹಿಡಿದವರಿಗೆ ಅದು ಬೇಡ.