ಗುಜರಿಗೆ ಹೋಗುವ ಮುಂಚೆ: ಹಳೇ ಪಠ್ಯಪುಸ್ತಕಗಳ ಆನ್‌ಲೈನ್ ವ್ಯಾಪಾರ ಮಾಡುವುದು ಹೇಗೆ?

ಪರೀಕ್ಷೆ ಮುಗಿದು ಹಾಸ್ಟೆಲ್, ಪಿಜಿಗಳು ಖಾಲಿಯಾಗುವ ವಾರ ತುಮಕೂರಿನ ಕ್ಯಾತ್ಸಂದ್ರದ ಕಡೆ ಒಮ್ಮೆ ಬಂದು ನೋಡಿ. ಗೇಟಿನ ಮುಂದೆ ಗುಜರಿ ಗಾಡಿ ನಿಂತಿರುತ್ತದೆ. ಇಂಜಿನಿಯರಿಂಗ್ ಗಣಿತ, ಪಿಯುಸಿ ಭೌತಶಾಸ್ತ್ರ, ಕೆಎಎಸ್ ತಯಾರಿಯ ಇತಿಹಾಸ ಎಲ್ಲವೂ ಹಳೇ ಪೇಪರಿನ ಜೊತೆ ಒಂದೇ ತಕ್ಕಡಿಗೆ ಬೀಳುತ್ತವೆ. ಕೆ.ಜಿ. ಲೆಕ್ಕ. ಎರಡು ತಿಂಗಳು ಕಳೆದ ಮೇಲೆ ಪಾವಗಡದಿಂದಲೋ ಮಧುಗಿರಿಯಿಂದಲೋ ಬಂದ ಹೊಸ ಹುಡುಗನ ಅಪ್ಪ ಅದೇ ಪುಸ್ತಕಕ್ಕೆ ಅಂಗಡಿಯಲ್ಲಿ ಪೂರ್ತಿ ಬೆಲೆ ಕೊಡುತ್ತಾರೆ. ಈ ಎರಡರ ನಡುವೆ ಒಂದು ಒಳ್ಳೆಯ ವ್ಯಾಪಾರ ಇದೆ. ನಾನು ಅದನ್ನು ಮನೆಯ ಒಂದು ಕೋಣೆಯಿಂದ ನಡೆಸುತ್ತಿದ್ದೇನೆ.

ಆನ್‌ಲೈನ್‌ನಲ್ಲಿ ಏನಾದರೂ ಮಾರಬೇಕು ಅಂತ ಕೇಳುವವರಿಗೆಲ್ಲ ನಾನು ಹೇಳುವುದು ಒಂದೇ. ಲಾಭ ಹುಟ್ಟುವುದು ಮಾರುವಾಗ ಅಲ್ಲ, ಕೊಳ್ಳುವಾಗ. ಕೊಳ್ಳುವುದನ್ನು ಕಲಿತರೆ ಉಳಿದದ್ದು ಬರೀ ಶ್ರಮ.

ಮೊದಲು ಲೆಕ್ಕ

ಒಂದು ಉದಾಹರಣೆ ತೆಗೆದುಕೊಳ್ಳೋಣ. ದಪ್ಪ ಇಂಜಿನಿಯರಿಂಗ್ ಪುಸ್ತಕವನ್ನು 120 ರೂಪಾಯಿಗೆ ಕೊಂಡಿರಿ. 320ಕ್ಕೆ ಮಾರಿದಿರಿ. ಅಂಚೆಗೆ ಸುಮಾರು 60, ಪ್ಯಾಕಿಂಗ್‌ಗೆ 15. ಕೈಯಲ್ಲಿ 125 ಉಳಿಯಿತು. ಚೆನ್ನಾಗಿದೆ ಅನ್ನಿಸುತ್ತದೆ, ಅಲ್ವಾ?

ಈಗ ಅಂಥವೇ ಹತ್ತು ಪುಸ್ತಕ ಕೊಂಡಿದ್ದೀರಿ ಅಂದುಕೊಳ್ಳಿ. ಹಾಕಿದ ಹಣ 1,200. ಏಳು ಹೋದವು, ಮೂರು ಉಳಿದವು. ಖರ್ಚು ಕಳೆದು ಒಂದೊಂದಕ್ಕೆ 245ರಂತೆ ಏಳಕ್ಕೆ 1,715 ಬಂತು. ಹಾಕಿದ ಹಣ ಕಳೆದರೆ ಉಳಿದದ್ದು 515 ರೂಪಾಯಿ. ನೀವು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ 1,250 ಅಲ್ಲ. ಹೊಸಬರು ಕೈ ಸುಟ್ಟುಕೊಳ್ಳುವುದು ಇಲ್ಲೇ. ಅವರು ಮಾರಾಟವಾದ ಪುಸ್ತಕದ ಲಾಭ ನೋಡುತ್ತಾರೆ, ಕಪಾಟಿನಲ್ಲಿ ಕೂತ ಪುಸ್ತಕದ ನಷ್ಟ ನೋಡುವುದಿಲ್ಲ. ಅದೇ ಪುಸ್ತಕಗಳನ್ನು 80ಕ್ಕೆ ಕೊಂಡಿದ್ದರೆ? ಏಳೇ ಮಾರಿದರೂ 915 ಉಳಿಯುತ್ತಿತ್ತು. ಚೌಕಾಸಿ ಮಾಡಬೇಕಾದ ಜಾಗ ಯಾವುದು ಅಂತ ಇದರಲ್ಲೇ ಗೊತ್ತಾಗುತ್ತದೆ.

ಶುರುವಿಗೆ ಮೂರು ಸಾವಿರ ರೂಪಾಯಿಗಿಂತ ಜಾಸ್ತಿ ಹಾಕಬೇಡಿ. ಸಾಲ ಅಂತೂ ಬೇಡವೇ ಬೇಡ. ಮೊದಲು ನಿಮ್ಮ ಮನೆಯ, ಅಕ್ಕಪಕ್ಕದ ಮನೆಯ ಪುಸ್ತಕಗಳನ್ನು ಮಾರಿ ಕೈ ಪಳಗಿಸಿಕೊಳ್ಳಿ.

ಎಲ್ಲಿ ಕೊಳ್ಳಬೇಕು, ಏನು ನೋಡಬೇಕು

ಅತ್ಯುತ್ತಮ ಪುಸ್ತಕ ಸಿಗುವುದು ಓದಿದವರ ಕೈಯಿಂದಲೇ. ಏಪ್ರಿಲ್, ಮೇ ತಿಂಗಳಲ್ಲಿ ಪಿಜಿ ನಡೆಸುವವರ ಹತ್ತಿರ ಮಾತಾಡಿಡಿ. "ಅಕ್ಕಾ, ಹುಡುಗಿಯರು ಪುಸ್ತಕ ಬಿಟ್ಟುಹೋದರೆ ಗುಜರಿಯವರಿಗೆ ಕೊಡೋ ಮುಂಚೆ ನನಗೊಂದು ಫೋನ್ ಮಾಡಿ" ಅಂದರೆ ಸಾಕು. ಗುಜರಿ ಅಂಗಡಿಯವರನ್ನೂ ಬಿಡಬೇಡಿ. ಅವರಿಗೆ ಕೆ.ಜಿ. ರೇಟಿಗಿಂತ ಜಾಸ್ತಿ ಕೊಟ್ಟರೆ ಪುಸ್ತಕಗಳನ್ನು ಬೇರೆ ಎತ್ತಿಡುತ್ತಾರೆ. ಇದು ಕೆಲಸ ಮಾಡದಿದ್ದರೆ ಬೆಂಗಳೂರಿನ ಅವೆನ್ಯೂ ರಸ್ತೆ ಇದ್ದೇ ಇದೆ. ತುಮಕೂರಿನಿಂದ ರೈಲಿನಲ್ಲಿ ಮೆಜೆಸ್ಟಿಕ್, ಅಲ್ಲಿಂದ ಮೆಟ್ರೊದಲ್ಲಿ ಒಂದೇ ನಿಲ್ದಾಣ ದಾಟಿ ಚಿಕ್ಕಪೇಟೆ, ಆಮೇಲೆ ನಡಿಗೆ. ಆದರೆ ಅಲ್ಲಿಯ ವ್ಯಾಪಾರಿಗಳಿಗೆ ಪುಸ್ತಕದ ಬೆಲೆ ನಮಗಿಂತ ಚೆನ್ನಾಗಿ ಗೊತ್ತು. ಅಲ್ಲಿ ಕೊಂಡು ಇಲ್ಲಿ ಮಾರಿದರೆ ಉಳಿಯುವುದು ಕಡಿಮೆ.

ಪುಸ್ತಕ ಕೈಗೆ ಬಂದ ತಕ್ಷಣ ಮುದ್ರಣದ ವರ್ಷ ನೋಡಿ. ಪಠ್ಯಪುಸ್ತಕ ತರಕಾರಿಯ ಹಾಗೆ, ಬೇಗ ಹಳಸುತ್ತದೆ. ಇಂಜಿನಿಯರಿಂಗ್ ಕಾಲೇಜುಗಳ ವಿಶ್ವವಿದ್ಯಾಲಯವಾದ ವಿಟಿಯುವಿನ ಪಠ್ಯಕ್ರಮ (ಹುಡುಗರ ಮಾತಿನಲ್ಲಿ ಸ್ಕೀಮ್) 2018, 2021, 2022 ಹೀಗೆ ಬದಲಾಗುತ್ತಲೇ ಬಂದಿದೆ. ಇಂಜಿನಿಯರಿಂಗ್ ಹುಡುಗರು ಮೊದಲು ಕೇಳುವುದೇ "ಯಾವ ಸ್ಕೀಮ್ ಅಣ್ಣಾ?" ಅಂತ. ಹಾಗೆಯೇ ನೀಟ್ ಪಠ್ಯ 2024ರ ಪರೀಕ್ಷೆಯಿಂದ ಕಡಿಮೆಯಾಯಿತು. ಅದಕ್ಕಿಂತ ಹಳೇ ಪುಸ್ತಕದಲ್ಲಿ ಈಗ ಬೇಡದ ಪಾಠಗಳು ಇರುತ್ತವೆ. ಮಾರಬಹುದು, ಆದರೆ ಹೇಳಿ ಮಾರಬೇಕು.

ಕಾನೂನು ಪುಸ್ತಕದಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. 2024ರ ಬೇಸಿಗೆಯಲ್ಲಿ ಎಲ್‌ಎಲ್‌ಬಿ ಮುಗಿಸಿದ ಒಬ್ಬರಿಂದ ಒಂದು ಚೀಲ ಪುಸ್ತಕ ಕೊಂಡೆ. ಎಲ್ಲ ಹೊಸದರ ಹಾಗೇ ಇದ್ದವು. ಆ ಜುಲೈ 1ರಿಂದ ಹಳೇ ದಂಡ ಸಂಹಿತೆ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. ಅಪರಾಧ ಪ್ರಕ್ರಿಯಾ ಸಂಹಿತೆ (ಸಿಆರ್‌ಪಿಸಿ), ಸಾಕ್ಷ್ಯ ಕಾಯ್ದೆ ಕೂಡ ಅದೇ ದಿನ ಬದಲಾದವು. ಇದು ಅದಕ್ಕೂ ಮುಂಚೆಯೇ ಪತ್ರಿಕೆಗಳಲ್ಲಿ ಬಂದಿದ್ದ ಸುದ್ದಿ. ನಾನು ಓದಿದ್ದೆ, ಕೊಳ್ಳುವಾಗ ನೆನಪಾಗಲಿಲ್ಲ. ಹನ್ನೊಂದು ಪುಸ್ತಕ ಹಾಗೇ ಉಳಿದವು. ಅಂದಿನಿಂದ ಯಾವ ವಿಷಯದ ಪುಸ್ತಕವೇ ಆಗಲಿ, "ಪಠ್ಯ ಬದಲಾಗಿದೆಯಾ?" ಅಂತ ಆ ವಿಷಯ ಓದುತ್ತಿರುವ ಒಬ್ಬ ವಿದ್ಯಾರ್ಥಿಗೆ ಫೋನ್ ಮಾಡಿ ಕೇಳದೆ ದುಡ್ಡು ಕೊಡುವುದಿಲ್ಲ.

ಪ್ರಚಲಿತ ವಿದ್ಯಮಾನದ ಪುಸ್ತಕ ಒಂದು ವರ್ಷ ಹಳೆಯದಾದರೆ ಮುಟ್ಟಬೇಡಿ. ಹಳೇ ಕನ್ನಡ ಕಾದಂಬರಿ, ಕವನ ಸಂಕಲನ ಸಿಕ್ಕರೆ ಮಾತ್ರ ಬಿಡಬೇಡಿ. ಅವು ಹಳಸುವುದಿಲ್ಲ. ಮರುಮುದ್ರಣ ಆಗದ ಒಂದು ಪುಸ್ತಕಕ್ಕಾಗಿ ವರ್ಷಗಟ್ಟಲೆ ಕಾದು ಕೂತ ಓದುಗರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ.

ಮಾರಬಾರದ ಪುಸ್ತಕಗಳು

ಅಸಲಿ ಪುಸ್ತಕವನ್ನು ಓದಿ ಮತ್ತೆ ಮಾರುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಕಳ್ಳ ಮುದ್ರಣ ಮಾರುವುದು ಅಪರಾಧ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಮೂರು ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಕಳ್ಳ ಮುದ್ರಣದ ಗುರುತು ಕಷ್ಟವಲ್ಲ. ಕಾಗದ ತೆಳು, ಹಿಂದಿನ ಪುಟದ ಅಕ್ಷರ ಮುಂದೆ ಕಾಣುತ್ತದೆ. ಚಿತ್ರಗಳು ಮಸಿ ಬಳಿದ ಹಾಗೆ ಇರುತ್ತವೆ. ಬಣ್ಣದಲ್ಲಿ ಇರಬೇಕಾದ ಪುಟ ಕಪ್ಪು ಬಿಳುಪಾಗಿರುತ್ತದೆ. ಜೆರಾಕ್ಸ್ ಮಾಡಿ ಬೈಂಡ್ ಹಾಕಿದ್ದು, ಪಿಡಿಎಫ್ ಮಾಡಿ ಕಳಿಸುವುದು ಇವೂ ಬೇಡ. ಬರೆದವರ ಅನ್ನ ಅದು.

ಗ್ರಂಥಾಲಯದ ಸೀಲು ಇದ್ದರೆ, ಅವರೇ ರದ್ದು ಮಾಡಿ ಹೊರಗೆ ಹಾಕಿದ್ದು ಅಂತ ಖಾತ್ರಿಯಾಗುವವರೆಗೆ ಕೊಳ್ಳಬೇಡಿ. ಸರ್ಕಾರಿ ಶಾಲೆಯ ಮಕ್ಕಳಿಗೆ ಉಚಿತವಾಗಿ ಕೊಟ್ಟ ಪುಸ್ತಕ ಬಂದರೆ ಅದಕ್ಕೆ ಬೆಲೆ ಕಟ್ಟಬೇಡಿ. ಬೇಕಾದ ಮಗುವಿಗೆ ಹಾಗೇ ಕೊಟ್ಟುಬಿಡಿ.

ಫೋಟೊ ಮತ್ತು ವಿವರಣೆ

ನನ್ನ ವ್ಯಾಪಾರದಲ್ಲಿ ಅತಿ ಹೆಚ್ಚು ಸಮಯ ತಿನ್ನುವುದು ಈ ಕೆಲಸ. ಆದರೆ ವಾಪಸ್ ಬರುವ ಪುಸ್ತಕದ ಸಂಖ್ಯೆ ಇಳಿಯುವುದೂ ಇದರಿಂದಲೇ.

ಮೊದಲು ಪುಟ ಎಣಿಸಿ. ಪುಸ್ತಕಗಳನ್ನು ಸಾಮಾನ್ಯವಾಗಿ 16 ಪುಟಗಳ ಕಂತೆಗಳಾಗಿ ಮಡಚಿ ಹೊಲಿಯುತ್ತಾರೆ ಅಥವಾ ಅಂಟಿಸುತ್ತಾರೆ. ಕಂತೆಗೆ ಕಂತೆಯೇ ಕಳಚಿ ಹೋಗಿರುತ್ತದೆ, ಮೇಲೆ ನೋಡಿದರೆ ಗೊತ್ತಾಗುವುದಿಲ್ಲ. ಪರೀಕ್ಷಾ ತಯಾರಿಯ ಪುಸ್ತಕವಾದರೆ ಕೊನೆಯ ಉತ್ತರಗಳ ಪುಟ ಇದೆಯಾ ನೋಡಿ. ಅದನ್ನು ಹರಿದಿಟ್ಟುಕೊಳ್ಳುವ ಅಭ್ಯಾಸ ತುಂಬ ಹುಡುಗರಿಗೆ ಇದೆ.

ಆಮೇಲೆ ಹಗಲು ಬೆಳಕಿನಲ್ಲಿ, ಕಿಟಕಿ ಪಕ್ಕ ಐದು ಫೋಟೊ: ಮುಂದಿನ ರಟ್ಟು, ಹಿಂದಿನ ರಟ್ಟು, ಬೆನ್ನು, ಮುದ್ರಣದ ವಿವರ ಇರುವ ಪುಟ, ಮತ್ತು ಪುಸ್ತಕದಲ್ಲೇ ಅತಿ ಕೆಟ್ಟದಾಗಿರುವ ಪುಟ. ಈ ಐದನೆಯದನ್ನು ಮರೆಯಬೇಡಿ. ಹರಿದಿದ್ದರೆ ಹರಿದದ್ದನ್ನೇ ತೋರಿಸಿ. ಕೊಳ್ಳುವವರಿಗೆ ನೋಡಿದ ಮೇಲೆ ನಂಬಿಕೆ ಹುಟ್ಟುತ್ತದೆ. ಇಂಟರ್‌ನೆಟ್‌ನಿಂದ ಎತ್ತಿದ ಹೊಸ ಪುಸ್ತಕದ ಚಿತ್ರ ಹಾಕಿದರೆ ಜಗಳ ಖಂಡಿತ.

ವಿವರಣೆಯಲ್ಲಿ ಐಎಸ್‌ಬಿಎನ್, ಅಂದರೆ ಪುಸ್ತಕದ ಮೇಲೆ ಅಚ್ಚಾಗಿರುವ ಗುರುತಿನ ಸಂಖ್ಯೆ ಹಾಕಿ. 2007ರಿಂದ ಅದು 13 ಅಂಕಿಯದು, ಅದಕ್ಕಿಂತ ಹಳೆಯದರಲ್ಲಿ 10 ಅಂಕಿ ಇರುತ್ತದೆ. ವಿದ್ಯಾರ್ಥಿಗಳು ಆ ಸಂಖ್ಯೆ ಹಾಕಿಯೇ ಹುಡುಕುತ್ತಾರೆ. ಹಳೇ ಕನ್ನಡ ಪುಸ್ತಕಕ್ಕೆ ಆ ಸಂಖ್ಯೆಯೇ ಇರುವುದಿಲ್ಲ. ಪ್ರಕಾಶಕರು, ವರ್ಷ, ಎಷ್ಟನೇ ಮುದ್ರಣ ಅಂತ ಬರೆಯಿರಿ. "ಚೆನ್ನಾಗಿದೆ" ಅಂತ ಸುಮ್ನೆ ಬರೆಯುವುದಕ್ಕಿಂತ ಹೀಗೆ ಬರೆಯಿರಿ: "ಮೊದಲ ಮೂರು ಪಾಠದಲ್ಲಿ ಪೆನ್ಸಿಲ್ ಗೆರೆ ಇದೆ. ಮೊದಲ ಪುಟದಲ್ಲಿ ಹೆಸರು ಬರೆದಿದೆ. ಪುಟಗಳು ಪೂರ್ತಿ ಇವೆ."

ಎಲ್ಲಿ ಮಾರುವುದು

ಶುರುವಿಗೆ ವಾಟ್ಸ್‌ಆ್ಯಪ್ ಬಿಸಿನೆಸ್ ಸಾಕು. ಅದಕ್ಕೆ ದುಡ್ಡಿಲ್ಲ, ಕ್ಯಾಟಲಾಗ್ ಮಾಡಿಕೊಳ್ಳಬಹುದು. ಜೊತೆಗೆ ಒಂದು ಇನ್‌ಸ್ಟಾಗ್ರಾಮ್ ಪುಟ. ವಾರಕ್ಕೆ ಒಂದು ದಿನ, ಒಂದೇ ಹೊತ್ತಿಗೆ ಪುಸ್ತಕಗಳನ್ನು ಹಾಕಿದರೆ ಜನ ಕಾದು ನೋಡುತ್ತಾರೆ. ಮೊದಲು ಕೇಳಿದವರಿಗೆ ಪುಸ್ತಕ ಅನ್ನುವ ನಿಯಮ ಇಟ್ಟುಕೊಳ್ಳಿ, ನೆಂಟರಿಗೂ ಅದನ್ನು ಮುರಿಯಬೇಡಿ. ದೊಡ್ಡ ತಾಣಗಳಲ್ಲಿ ಗಿರಾಕಿಗಳು ಜಾಸ್ತಿ, ಕಮಿಷನ್ನೂ ಜಾಸ್ತಿ. ಅಲ್ಲಿ ಬೆಲೆ ಇಡುವ ಮುಂಚೆ ಎಲ್ಲ ಶುಲ್ಕ ಕಳೆದು ಕೈಗೆ ಎಷ್ಟು ಬರುತ್ತದೆ ಅಂತ ಕಾಗದದ ಮೇಲೆ ಬರೆದು ನೋಡಿ.

ತೆರಿಗೆಯ ಮಾತು

ಪುಸ್ತಕ ಮಾರುವವರಿಗೆ ಇಲ್ಲಿ ದೊಡ್ಡ ಅನುಕೂಲ ಇದೆ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ತೆರಿಗೆ ಇಲ್ಲದ ಸಾಮಾನನ್ನು ಮಾತ್ರ ಮಾರುವವರು ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗಿಲ್ಲ. ಆದರೆ "ಮಾತ್ರ" ಅನ್ನುವ ಪದ ಗಮನಿಸಿ. ಪುಸ್ತಕದ ಜೊತೆ ಬ್ಯಾಗ್, ಬಾಟಲಿ ಮಾರಲು ಶುರು ಮಾಡಿದರೆ ಲೆಕ್ಕ ಬದಲಾಗುತ್ತದೆ.

ಸೀರೆ, ಬಟ್ಟೆ, ಮೊಬೈಲ್ ಮಾರುವವರ ದಾರಿ ಬೇರೆ. ವರ್ಷದ ವಹಿವಾಟು 40 ಲಕ್ಷದ ಒಳಗಿದ್ದರೂ ಬೇರೆ ರಾಜ್ಯಕ್ಕೆ ಕಳಿಸುವುದಾದರೆ ಸಾಮಾನ್ಯವಾಗಿ ನೋಂದಣಿ ಬೇಕು. ಆನ್‌ಲೈನ್ ತಾಣಗಳ ಮೂಲಕ ಕರ್ನಾಟಕದ ಒಳಗಷ್ಟೇ ಮಾರುವ ಸಣ್ಣ ವ್ಯಾಪಾರಿಗಳಿಗೆ 2023ರ ಅಕ್ಟೋಬರ್ 1ರಿಂದ ವಿನಾಯಿತಿ ಇದೆ. ಅವರು ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ಯಾನ್ ಕೊಟ್ಟು ಎನ್‌ರೋಲ್‌ಮೆಂಟ್ ಸಂಖ್ಯೆ ಪಡೆದುಕೊಂಡರೆ ಆಯಿತು.

2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದದ್ದು ನಿಮಗೆ ನೆನಪಿರಬಹುದು. ತೆರಿಗೆಯೇ ಇಲ್ಲದ ತರಕಾರಿ ಮಾರುವವರಿಗೂ ಬಂದಿತ್ತು. ಆದ್ದರಿಂದ ಏನು ಕೊಂಡಿರಿ, ಏನು ಮಾರಿದಿರಿ, ಎಷ್ಟಕ್ಕೆ ಅಂತ ದಿನವೂ ಬರೆದಿಡಿ. ವ್ಯಾಪಾರಕ್ಕೆ ಬೇರೆ ಬ್ಯಾಂಕ್ ಖಾತೆ ಮಾಡಿ. ಮನೆಯ ದುಡ್ಡು, ವ್ಯಾಪಾರದ ದುಡ್ಡು ಬೆರೆತರೆ ಆಮೇಲೆ ಬಿಡಿಸುವುದು ಕಷ್ಟ. ಜಿಎಸ್‌ಟಿ ಇಲ್ಲ ಅಂದಮಾತ್ರಕ್ಕೆ ಆದಾಯ ತೆರಿಗೆಯ ಲೆಕ್ಕ ತಪ್ಪುವುದಿಲ್ಲ ಅನ್ನುವುದೂ ತಿಳಿದಿರಲಿ.

ಕಟ್ಟುವುದು, ಕಳಿಸುವುದು

ಒಂದು ಮಳೆಗಾಲದಲ್ಲಿ ಶಿರಸಿಗೆ ಕಳಿಸಿದ ನನ್ನ ಕಟ್ಟು ಪೂರ್ತಿ ನೆಂದು ತಲುಪಿತು. ಬರೀ ಖಾಕಿ ಕಾಗದ ಸುತ್ತಿದ್ದೆ. ಓದುವ ಹುಡುಗಿಯ ಹತ್ತು ದಿನ ಹಾಳಾಯಿತು. ದುಡ್ಡು ವಾಪಸ್ ಕೊಟ್ಟರೂ ಆ ದಿನಗಳನ್ನು ಕೊಡಲು ಆಗಲಿಲ್ಲ. ಈಗ ಮೊದಲು ಪ್ಲಾಸ್ಟಿಕ್ ಕವರ್, ಆಮೇಲೆ ಎರಡೂ ಕಡೆ ರಟ್ಟು, ಮೂಲೆಗಳಿಗೆ ಮಡಚಿದ ಪೇಪರ್, ಕೊನೆಗೆ ಖಾಕಿ ಕಾಗದ ಮತ್ತು ಅಗಲದ ಟೇಪ್. ರಟ್ಟಿಗೆ ದುಡ್ಡು ಹಾಕಬೇಡಿ, ದಿನಸಿ ಅಂಗಡಿಯಲ್ಲಿ ಕೇಳಿದರೆ ಖಾಲಿ ಡಬ್ಬ ಕೊಡುತ್ತಾರೆ.

ಅಂಚೆ ಇಲಾಖೆ 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಅನ್ನುವ ಸೇವೆ ಶುರು ಮಾಡಿದೆ. ಪಠ್ಯಪುಸ್ತಕ, ಸ್ಪರ್ಧಾ ಪರೀಕ್ಷೆಯ ಪುಸ್ತಕಗಳಿಗೆ ಇದಕ್ಕಿಂತ ಅಗ್ಗದ ದಾರಿ ನಾನು ಕಂಡಿಲ್ಲ. 300 ಗ್ರಾಂವರೆಗೆ 20 ರೂಪಾಯಿ, 5 ಕೆ.ಜಿ.ಗೆ 100 ರೂಪಾಯಿ, ತೆರಿಗೆ ಬೇರೆ. ಎಲ್ಲಿದೆ ಅಂತ ಟ್ರ್ಯಾಕ್ ಮಾಡಬಹುದು. ನೆಲದ ಮೇಲಿನ ಸಾಗಣೆ, ಹಾಗಾಗಿ ನಿಧಾನ. ಒಳಗೆ ಜಾಹೀರಾತು, ವ್ಯಾಪಾರದ ಪತ್ರ ಇಡುವ ಹಾಗಿಲ್ಲ, ವಿಸಿಟಿಂಗ್ ಕಾರ್ಡ್ ಕೂಡ ಬೇಡ. ಪರೀಕ್ಷೆ ಹತ್ತಿರ ಇರುವವರಿಗೆ ಸ್ಪೀಡ್ ಪೋಸ್ಟ್ ಹೇಳಿ, ಎರಡರ ಖರ್ಚನ್ನೂ ತಿಳಿಸಿ, ಅವರೇ ಆರಿಸಲಿ.

ಖಾಸಗಿ ಕೊರಿಯರ್‌ಗಳು ಡಬ್ಬದ ಅಳತೆಗೂ ಹಣ ಹಾಕುತ್ತವೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5,000ದಿಂದ ಭಾಗಿಸುವುದು ರೂಢಿ. 40, 30, 20ರ ಡಬ್ಬದಲ್ಲಿ 2 ಕೆ.ಜಿ. ಪುಸ್ತಕ ಇಟ್ಟರೆ ಬಿಲ್ಲು 4.8 ಕೆ.ಜಿ.ಗೆ ಬೀಳುತ್ತದೆ. ಪುಸ್ತಕಕ್ಕೆ ತಕ್ಕಷ್ಟೇ ಡಬ್ಬ ಇರಲಿ.

ಹಣ ಮತ್ತು ಮೋಸ

ಹಣ ಬಂದ ಮೇಲೇ ಪುಸ್ತಕ ಕಳಿಸಿ. ಸ್ಕ್ರೀನ್‌ಶಾಟ್ ನಂಬಬೇಡಿ, ನಿಮ್ಮ ಬ್ಯಾಂಕ್ ಖಾತೆ ತೆರೆದು ನೋಡಿ. ಹಣ ಪಡೆಯುವುದಕ್ಕೆ ಯುಪಿಐ ಪಿನ್ ಬೇಕಾಗುವುದೇ ಇಲ್ಲ. "ಕ್ಯೂಆರ್ ಕೋಡ್ ಕಳಿಸಿದ್ದೇನೆ, ಸ್ಕ್ಯಾನ್ ಮಾಡಿ ಪಿನ್ ಹಾಕಿ, ಹಣ ಬರುತ್ತೆ" ಅಂತ ಯಾರಾದರೂ ಹೇಳಿದರೆ ಅದು ಮೋಸ. ಸೈನ್ಯದಲ್ಲಿದ್ದೇನೆ ಅಂತ ಗುರುತಿನ ಚೀಟಿಯ ಫೋಟೊ ಕಳಿಸಿ ನಂಬಿಸುವವರೂ ಇದ್ದಾರೆ. ಹಣ ಹೋಗಿದ್ದರೆ ನಾಚಿಕೊಂಡು ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ತಪ್ಪು ನಿಮ್ಮದಾಗಿದ್ದರೆ, ಅಂದರೆ ಪುಟ ಇಲ್ಲದಿದ್ದರೆ ಅಥವಾ ಬೇರೆ ಮುದ್ರಣ ಹೋಗಿದ್ದರೆ, ವಾದ ಮಾಡದೆ ಪೂರ್ತಿ ಹಣ ವಾಪಸ್ ಕೊಡಿ. ಹೇಳಿದ್ದಕ್ಕಿಂತ ಬೇರೆ ಥರ ಇರುವ ಸರಕನ್ನು ವಾಪಸ್ ಪಡೆಯಲ್ಲ ಅನ್ನುವ ಹಾಗಿಲ್ಲ ಅಂತ 2020ರ ಇ-ಕಾಮರ್ಸ್ ಗ್ರಾಹಕ ನಿಯಮಗಳೂ ಹೇಳುತ್ತವೆ.

ಕೇಳಿದವರ ಪಟ್ಟಿ

ಕೊನೆಯದಾಗಿ ಒಂದು 40 ಪುಟದ ನೋಟ್‌ಬುಕ್ ಇಟ್ಟುಕೊಳ್ಳಿ. ನಿಮ್ಮ ಹತ್ತಿರ ಇಲ್ಲದ ಪುಸ್ತಕವನ್ನು ಯಾರಾದರೂ ಕೇಳಿದರೆ "ಇಲ್ಲ" ಅಂತ ಹೇಳಿ ಮುಗಿಸಬೇಡಿ. ಪುಸ್ತಕ, ವರ್ಷ, ಕೇಳಿದವರ ನಂಬರು ಬರೆದುಕೊಳ್ಳಿ. ಮುಂದಿನ ಬೇಸಿಗೆಯಲ್ಲಿ ಏನು ಕೊಳ್ಳಬೇಕು ಅಂತ ಈ ಪಟ್ಟಿಯೇ ಹೇಳುತ್ತದೆ. ಕೊಳ್ಳುವ ಮುಂಚೆಯೇ ಗಿರಾಕಿ ಇದ್ದರೆ ಆ ಪುಸ್ತಕ ಕಪಾಟಿನಲ್ಲಿ ಕೂರುವುದಿಲ್ಲ, ಮೊದಲು ಹೇಳಿದ ಮೂರು ಪುಸ್ತಕಗಳ ನಷ್ಟವೂ ಇಳಿಯುತ್ತದೆ. ನನ್ನ ಪಟ್ಟಿಯಲ್ಲಿ ಈಗ ಹದಿನಾಲ್ಕು ಹೆಸರು ಇವೆ. ಅದರಲ್ಲಿ ಆರು ಮಂದಿ ನರ್ಸಿಂಗ್ ಓದುತ್ತಿರುವ ಹುಡುಗಿಯರು, ಎಲ್ಲರೂ ಕೇಳಿರುವುದು ಅಂಗರಚನಾಶಾಸ್ತ್ರ. ನಾಳೆ ಬೆಳಿಗ್ಗೆ ನಾನು ಮೊದಲು ಫೋನ್ ಮಾಡುವುದು ಒಂದು ನರ್ಸಿಂಗ್ ಹಾಸ್ಟೆಲ್ಲಿನ ವಾರ್ಡನ್ ಅವರಿಗೆ.