ಬೇರೆ ಯೂನಿವರ್ಸಿಟಿ ಲೈಬ್ರರಿಲಿ ಕೂತು ಓದೋಕೆ ಪರ್ಮಿಷನ್ ತಗೊಳ್ಳೋದು ಹೇಗೆ

ಗೇಟಲ್ಲೇ ವಾಪಸ್ ಕಳಿಸ್ತಾರೇನೋ ಅನ್ನೋ ಭಯಕ್ಕೆ ಎಷ್ಟೋ ಜನ ರಿಸರ್ಚ್ ಸ್ಕಾಲರ್‌ಗಳು ಬೇರೆ ಯೂನಿವರ್ಸಿಟಿ ಲೈಬ್ರರಿ ಕಡೆ ತಲೇನೇ ಹಾಕಲ್ಲ. ಸರಿಯಾದ ಪತ್ರ ಇದ್ದು, ಏನು ಬೇಕು ಅಂತ ಸ್ಪಷ್ಟವಾಗಿ ಹೇಳಿದ್ರೆ ಸಾಮಾನ್ಯವಾಗಿ ಕೂತು ಓದೋಕೆ ಬಿಡ್ತಾರೆ.

ಮೊದಲು ಪುಸ್ತಕ ಎಲ್ಲಿದೆ ಅಂತ ಪತ್ತೆ ಹಚ್ಚಿ. ಯೂನಿವರ್ಸಿಟಿ ಲೈಬ್ರರಿಗಳನ್ನ ಜೋಡಿಸೋ ಕೇಂದ್ರ ಸರ್ಕಾರಿ ಸಂಸ್ಥೆ ಇನ್‌ಫ್ಲಿಬ್‌ನೆಟ್‌ನವರ ಇಂಡ್‌ಕ್ಯಾಟ್ ಅನ್ನೋ ವೆಬ್‌ಸೈಟ್‌ನಲ್ಲಿ ದೇಶದ ಯೂನಿವರ್ಸಿಟಿ ಲೈಬ್ರರಿಗಳ ಕ್ಯಾಟಲಾಗ್ ಒಟ್ಟಿಗೆ ಸಿಗತ್ತೆ, ಆಮೇಲೆ ಆ ಲೈಬ್ರರಿಯ ಓಪ್ಯಾಕ್‌ನಲ್ಲಿ (ಅವರದೇ ಆನ್‌ಲೈನ್ ಕ್ಯಾಟಲಾಗ್) ಹುಡುಕಿ ಕಾಲ್ ನಂಬರ್, ಅಂದ್ರೆ ಪುಸ್ತಕ ಯಾವ ಕಪಾಟಲ್ಲಿದೆ ಅಂತ ತೋರಿಸೋ ನಂಬರ್, ಬರ್ಕೊಳ್ಳಿ. ಆನ್‌ಲೈನ್‌ನಲ್ಲಿ ಕಾಣ್ಲಿಲ್ಲ ಅಂತ ಬಿಟ್ಬಿಡಬೇಡಿ, ಹಳೇ ಕನ್ನಡ ಪುಸ್ತಕಗಳು ಎಷ್ಟೋ ಕಡೆ ಇನ್ನೂ ರಿಜಿಸ್ಟರ್‌ನಲ್ಲೇ ಇರತ್ತೆ, ಫೋನ್ ಮಾಡಿ ಕೇಳಿ.

ಥೀಸಿಸ್ ಆದ್ರೆ ಮೊದಲು ಶೋಧಗಂಗಾ ನೋಡಿ, ಅದು ದೇಶದ ಪಿಎಚ್‌ಡಿ ಥೀಸಿಸ್‌ಗಳನ್ನ ಆನ್‌ಲೈನ್‌ನಲ್ಲಿ ಇಟ್ಟಿರೋ ವೆಬ್‌ಸೈಟ್. ಅಲ್ಲಿಲ್ಲದ ಹಳೇ ಥೀಸಿಸ್‌ಗೆ ಆ ಕಾಲದಲ್ಲಿ ಡಿಗ್ರಿ ಕೊಟ್ಟಿದ್ದು ಯಾವ ಯೂನಿವರ್ಸಿಟಿ ಅಂತ ಯೋಚನೆ ಮಾಡ್ಬೇಕು, ಇಲ್ಲಿ ತುಂಬಾ ಜನ ಸುಮ್ನೆ ಅಲೆದಾಡ್ತಾರೆ. ಬೆಂಗಳೂರು ಯೂನಿವರ್ಸಿಟಿ ಆಗಿದ್ದು 1964ರಲ್ಲಿ, ಅದಕ್ಕೆ ಮುಂಚೆ ಬೆಂಗಳೂರಿನ ಸೆಂಟ್ರಲ್ ಕಾಲೇಜು ಮೈಸೂರು ಯೂನಿವರ್ಸಿಟಿ ಕೆಳಗಿತ್ತು. ಗುಲ್ಬರ್ಗ, ಮಂಗಳೂರು ಎರಡೂ 1980ರಲ್ಲಿ ಆದವು, ಅಲ್ಲಿವರೆಗೆ ಗುಲ್ಬರ್ಗದ್ದು ಧಾರವಾಡದ ಕರ್ನಾಟಕ ಯೂನಿವರ್ಸಿಟಿಯ ಪಿಜಿ ಸೆಂಟರ್, ಮಂಗಳಗಂಗೋತ್ರಿ (ಈಗಿನ ಮಂಗಳೂರು ಯೂನಿವರ್ಸಿಟಿ ಕ್ಯಾಂಪಸ್) ಮೈಸೂರು ಯೂನಿವರ್ಸಿಟಿಯ ಪಿಜಿ ಸೆಂಟರ್. ಹಾಗಾಗಿ 70ರ ದಶಕದ ಗುಲ್ಬರ್ಗದ ಥೀಸಿಸ್ ಬೇಕಂದ್ರೆ ಧಾರವಾಡದಲ್ಲಿ ವಿಚಾರಿಸಿ.

ಬರೀ ಜರ್ನಲ್ ಬೇಕಾ? 2025ರಿಂದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಅನ್ನೋ ಕೇಂದ್ರ ಸರ್ಕಾರದ ಯೋಜನೆ ಬಂದಿದೆ, ಸುಮಾರು 13,000 ಜರ್ನಲ್ ಸರ್ಕಾರಿ ಉನ್ನತ ಶಿಕ್ಷಣ, ಸಂಶೋಧನಾ ಸಂಸ್ಥೆಗಳಿಗೆ ಸಿಗತ್ತೆ. ನಿಮ್ಮ ಲೈಬ್ರರಿಯಲ್ಲಿ ಲಾಗಿನ್ ಇದ್ಯಾ ಕೇಳಿ, ಬಸ್ ಚಾರ್ಜ್ ಉಳಿಯತ್ತೆ.

ಇನ್ನು ಪತ್ರ. ಡಿಪಾರ್ಟ್‌ಮೆಂಟ್ ಲೆಟರ್‌ಹೆಡ್‌ನಲ್ಲಿ, ಗೈಡ್ ಸಹಿ, ಹೆಡ್ ಸಹಿ ಮತ್ತು ಸೀಲು, ಆ ಲೈಬ್ರರಿಯ ಲೈಬ್ರರಿಯನ್ ಅವರಿಗೆ ಅಂತ ಬರೆಸಿ. ನಿಮ್ಮ ರಿಜಿಸ್ಟ್ರೇಷನ್ ನಂಬರು, ಸಂಶೋಧನೆಯ ವಿಷಯ, ಯಾವ ತಾರೀಖಿಂದ ಯಾವ ತಾರೀಖಿನವರೆಗೆ ಅನ್ನೋದು ಇರ್ಲಿ. "ಸಂಶೋಧನೆಗಾಗಿ ಅನುಮತಿ ಕೋರಿದೆ" ಅಂತ ಒಂದೇ ಸಾಲು ಬರೆದ್ರೆ ಸಾಲದು, ಬೇಕಾದ ಐದಾರು ಪುಸ್ತಕದ ಹೆಸರು ಕಾಲ್ ನಂಬರ್ ಸಮೇತ ಹಾಕಿ, ಆಗ ಅಲ್ಲಿನ ಸಿಬ್ಬಂದಿಗೂ ನೀವು ಯಾಕೆ ಬಂದಿದ್ದೀರಿ ಅಂತ ಅರ್ಥ ಆಗತ್ತೆ, ಎಲ್ಲಿ ಹುಡುಕ್ಬೇಕು ಅಂತ ಅವರೇ ದಾರಿ ತೋರಿಸ್ತಾರೆ. ತಾರೀಖು ಎರಡು ದಿನ ಜಾಸ್ತೀನೇ ಹಾಕ್ಸಿ. ಮೊದಲೇ ಇಮೇಲ್ ಮಾಡಿ, ಹೋಗೋವಾಗ ಒರಿಜಿನಲ್ ಒಯ್ಯಿರಿ, ಜೊತೆಗೆ ಐಡಿ ಕಾರ್ಡ್, ಆಧಾರ್ ಜೆರಾಕ್ಸ್, ಫೋಟೋ. ಫೀಸ್ ಎಷ್ಟು ಅಂತ ಫೋನಲ್ಲೇ ಕೇಳ್ಕೊಳ್ಳಿ.

ಒಂದು ಪರ್ಮಿಷನ್ ಎಲ್ಲಾ ಕಡೆ ನಡಿಯಲ್ಲ. ಮೈಸೂರು ಯೂನಿವರ್ಸಿಟಿಯಲ್ಲೇ ಮಾನಸಗಂಗೋತ್ರಿ ಕ್ಯಾಂಪಸ್‌ನ ಮೇನ್ ಲೈಬ್ರರಿ ಬೇರೆ, ಹಳೇ ಹಸ್ತಪ್ರತಿ ಇಟ್ಟಿರೋ ಓರಿಯಂಟಲ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಬೇರೆ. ತಾಳೆಗರಿ ನೋಡ್ಬೇಕಂದ್ರೆ ಈ ಇನ್‌ಸ್ಟಿಟ್ಯೂಟ್‌ಗೇ ಪ್ರತ್ಯೇಕ ಪತ್ರ ಒಯ್ಯಿರಿ.

ಹೊರಗಿನವರಿಗೆ ಸಾಮಾನ್ಯವಾಗಿ ಪುಸ್ತಕ ಮನೆಗೆ ಕೊಡಲ್ಲ. ಬ್ಯಾಗ್ ಕೌಂಟರ್‌ನಲ್ಲಿ ಇಡ್ಬೇಕು, ನೋಟ್‌ಬುಕ್ ಪೆನ್ನು ಕೈಲಿಟ್ಕೊಳ್ಳಿ. ಮೊಬೈಲಲ್ಲಿ ಫೋಟೋ ತೆಗೆಯೋ ಮುಂಚೆ ಕೇಳಿ. ಯಾವ ಪುಟದ ಫೋಟೋ ತೆಗೆದ್ರೂ ಮೊದಲು ಟೈಟಲ್ ಪೇಜು, ಅದರ ಹಿಂದಿನ ಪುಟ ಎರಡರದ್ದೂ ತೆಗೀರಿ, ಪ್ರಕಾಶಕರು, ವರ್ಷ, ಎಷ್ಟನೇ ಮುದ್ರಣ ಅನ್ನೋದೆಲ್ಲಾ ಸಾಮಾನ್ಯವಾಗಿ ಅವುಗಳಲ್ಲಿರತ್ತೆ, ಅಡಿಟಿಪ್ಪಣಿ ಬರೆಯೋವಾಗ ಮತ್ತೆ ಅಷ್ಟು ದೂರ ಹೋಗೋದು ತಪ್ಪತ್ತೆ.