ಟ್ರಾಯ್ ಸಮಾಲೋಚನಾ ಪತ್ರಕ್ಕೆ ಅಭಿಪ್ರಾಯ ಸಲ್ಲಿಸುವ ಬಗೆ

ದೂರಸಂಪರ್ಕ ನೀತಿಯನ್ನು ನಿರ್ಧರಿಸುವುದು ಕೇಂದ್ರ ಸರ್ಕಾರವಾದರೂ, ದರ ಮತ್ತು ಸೇವಾ ಗುಣಮಟ್ಟದ ನಿಯಮಗಳನ್ನು ರೂಪಿಸುವ, ಪರವಾನಗಿಯಂಥ ವಿಷಯಗಳಲ್ಲಿ ಶಿಫಾರಸು ಮಾಡುವ ಹೊಣೆ 1997ರ ಕಾಯ್ದೆಯಡಿ ಸ್ಥಾಪನೆಯಾದ ಟ್ರಾಯ್ (ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ಸಂಸ್ಥೆಯದು. ನಿಯಮ ಅಥವಾ ಶಿಫಾರಸು ರೂಪಿಸುವ ಮೊದಲು ಅಭಿಪ್ರಾಯ ಕೇಳಿ ಅದು ಸಮಾಲೋಚನಾ ಪತ್ರ ಹೊರಡಿಸಿದಾಗ ಸಾಮಾನ್ಯ ಬಳಕೆದಾರರೂ ಅಭಿಪ್ರಾಯ ಕಳುಹಿಸಬಹುದು, ಕಳುಹಿಸಲೇಬೇಕು.

ಮೊದಲು ಪತ್ರದಲ್ಲಿರುವ ಪ್ರಶ್ನೆಗಳ ಪಟ್ಟಿಯನ್ನು ಓದಿ, ನಿಮಗೆ ಅನುಭವವಿರುವ ಪ್ರಶ್ನೆಗಳನ್ನಷ್ಟೇ ಆರಿಸಿಕೊಳ್ಳಿ. ಪ್ರಶ್ನೆಯ ಸಂಖ್ಯೆಯನ್ನು ನಮೂದಿಸಿ, ನಿಲುವನ್ನು ಮೊದಲ ವಾಕ್ಯದಲ್ಲೇ ಹೇಳಿ, ಬಳಿಕ ಕಾರಣ ಕೊಡಿ. ‘ನೆಟ್‌ವರ್ಕ್ ಸರಿಯಿಲ್ಲ’ ಎಂಬ ಒಂದು ಸಾಲಿಗಿಂತ, ಒಂದು ವಾರದಲ್ಲಿ ಕರೆಗಳು ಕಡಿತಗೊಂಡ ದಿನ, ಸಮಯ, ಸ್ಥಳಗಳನ್ನು ಬರೆದಿಟ್ಟ ಪುಟಕ್ಕೆ ತೂಕ ಹೆಚ್ಚೆಂಬುದು ನನ್ನ ದೃಢ ನಂಬಿಕೆ. ಸಾಮಾನ್ಯವಾಗಿ ಇತರರ ಅಭಿಪ್ರಾಯಗಳಿಗೆ ಉತ್ತರವಾಗಿ ಪ್ರತಿ-ಅಭಿಪ್ರಾಯ ಸಲ್ಲಿಸಲೂ ಅವಕಾಶವಿರುವುದರಿಂದ, ಟ್ರಾಯ್ ಜಾಲತಾಣದಲ್ಲಿ ಪ್ರಕಟವಾಗುವ ಕಂಪನಿಗಳ ಉತ್ತರಗಳನ್ನು ಓದಿ, ಒಪ್ಪದ ಅಂಶಗಳಿಗೆ ಗಡುವಿನೊಳಗೆ ಪ್ರತಿಕ್ರಿಯಿಸಿ. ವೈಯಕ್ತಿಕ ದೂರಿಗೆ ಪರಿಹಾರ ಬೇಕಿದ್ದರೆ ಮಾತ್ರ ಮೊದಲು ಸೇವಾ ಕಂಪನಿಗೇ ದೂರು ಸಲ್ಲಿಸಬೇಕು.